ಅರಿಶಿನದ ಪಟ್ಟಿ ಮತ್ತು ಎಡಗಡೆಯ ತಿರುವು

ನಾನು ಬಿಟ್ಟು ಬಂದ ಜಾಗಕ್ಕೆ ಕೀರ್ತನಾ ಎಂಬ ಹುಡುಗಿ ಸೇರಿಕೊಂಡಿದ್ದಾಳೆ. ಹೂಸ್ಟನ್ನಿನಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ನನ್ನ ಕೊನೆಯ ದಿನ ಕೇಕ್ ಕತ್ತರಿಸಿದ ಮೇಲೆ ಹತ್ತಿರ ಬಂದು "ಆಂಟಿ, ಎನಿ ಅಡ್ವೈಸ್?" ಅಂದಳು. "ಇನ್ನೊಂದು ಜೊತೆ ಸಾಕ್ಸ್ ಇಟ್ಕೋ" ಅಂದೆ. ಮನೆಗೆ ಬಂದು ಕೂತ ಮೇಲೆ, ಇಷ್ಟು ವರ್ಷ ದುಡಿದು ಬರೀ ಸಾಕ್ಸಿನ ಮಾತು ಹೇಳಿ ಬಂದೆನಲ್ಲ ಎಂದು ನಾಚಿಕೆಯಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬಾರದು, ಅವಳಮ್ಮ ಓದಿ ಹೇಳುತ್ತಾರಂತೆ. ಓದುವಾಗ ನಡುನಡುವೆ ಅಮ್ಮ ತಮ್ಮ ಉಪದೇಶವನ್ನೂ ಸೇರಿಸಿದರೆ ಅದಕ್ಕೆ ನಾನು ಹೊಣೆಯಲ್ಲ.

ಕೆಲಸ ಏನೆಂದು ಮೊದಲು ಹೇಳಬೇಕು, ಏಕೆಂದರೆ ನನ್ನ ಸ್ವಂತ ತಂಗಿಯೇ ಇವತ್ತಿಗೂ ನಾನು ಕಾರ್ಪೆಟ್ ಅಂಗಡಿಯಲ್ಲಿದ್ದೆ ಎಂದುಕೊಂಡಿದ್ದಾಳೆ. ಟೆಕ್ಸಸ್ಸಿನ ನಮ್ಮ ಕಡೆ ಹಿಮವೂ ಇಲ್ಲ, ಜಾರುವಂಥ ಬೆಟ್ಟವೂ ಇಲ್ಲ. ಆದರೆ ಡಿಸೆಂಬರ್ ಬಂತೆಂದರೆ ಅರ್ಧ ಊರು ಗಂಟುಮೂಟೆ ಕಟ್ಟಿಕೊಂಡು ಸ್ಕೀ ಮಾಡಲು ನ್ಯೂ ಮೆಕ್ಸಿಕೊ, ಕೊಲರಾಡೊ ಕಡೆಗೆ ಹೊರಡುತ್ತದೆ. ಅಲ್ಲಿಗೆ ಹೋಗಿ ಬೀಳುವ ಬದಲು ಇಲ್ಲೇ ಬಿದ್ದು ಕಲಿಯಲಿ ಎಂದು ನಮ್ಮ ಕಂಪನಿಯವರು ದೊಡ್ಡ ದೊಡ್ಡ ಗೋಡೌನುಗಳಲ್ಲಿ ಉರುಳುವ ಕಾರ್ಪೆಟ್ ಹಾಕಿಸಿದ್ದರು. ಇಳಿಜಾರಾಗಿ ಹಾಸಿದ ಅಗಲವಾದ ಬಿಳಿ ಕಾರ್ಪೆಟ್ಟು, ಜಿಮ್ಮಿನ ಟ್ರೆಡ್‌ಮಿಲ್ಲಿನ ಹಾಗೆ ಕೆಳಗಿನಿಂದ ಮೇಲಕ್ಕೆ ಉರುಳುತ್ತದೆ. ಜಾರಲಿ ಎಂದು ಮೇಲೆ ಸಣ್ಣಗೆ ನೀರು ಚಿಮುಕಿಸುತ್ತಾರೆ. ಕಲಿಯುವವರು ಕೆಳಕ್ಕೆ ಜಾರುತ್ತಲೇ ಇರುತ್ತಾರೆ, ಕಾರ್ಪೆಟ್ಟು ಅವರನ್ನು ಮೇಲಕ್ಕೆ ಒಯ್ಯುತ್ತಲೇ ಇರುತ್ತದೆ, ಒಟ್ಟಿನಲ್ಲಿ ಇದ್ದಲ್ಲೇ ಇರುತ್ತಾರೆ. ಎದುರಿಗೆ ಗೋಡೆಯಗಲದ ಕನ್ನಡಿ. ತಾವು ಹೇಗೆ ತಿರುಗುತ್ತಿದ್ದೇವೆ, ಹೇಗೆ ಬೀಳುತ್ತಿದ್ದೇವೆ ಎಂಬುದನ್ನು ತಾವೇ ಕಣ್ಣಾರೆ ನೋಡಬಹುದು.

ಪಕ್ಕದಲ್ಲಿ ರಿಮೋಟ್ ಹಿಡಿದು ನಿಲ್ಲುವವರು ಕೋಚ್. ಹಸಿರು ಗುಂಡಿ ಒತ್ತಿದರೆ ಬೆಟ್ಟ ಓಡುತ್ತದೆ, ಕೆಂಪು ಗುಂಡಿ ಒತ್ತಿದರೆ ಬೆಟ್ಟ ನಿಲ್ಲುತ್ತದೆ. ನಾನು ಡಲ್ಲಾಸ್, ಆಸ್ಟಿನ್, ಹೂಸ್ಟನ್ ಮೂರೂ ಊರುಗಳಲ್ಲಿ ಆ ರಿಮೋಟ್ ಹಿಡಿದು ನಿಂತವಳು. ಹೊರಗೆ ಪಾರ್ಕಿಂಗ್ ಲಾಟಿನ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲಿದ್ದಾಗ ಒಳಗೆ "ಮುಂದೆ ಹಿಮ ಇದೆ ಅಂದ್ಕೊಳ್ಳಿ" ಎನ್ನುತ್ತಿದ್ದೆ. ನಾನಂತೂ ನಿವೃತ್ತಿಯಾಗುವವರೆಗೆ ಹಿಮದ ಬೆಟ್ಟದ ಮುಖ ನೋಡಿರಲಿಲ್ಲ. ಅದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಕೇಳಿದವರಿಗೆಲ್ಲ ಹೇಳುತ್ತಿದ್ದೆ, ಕೇಳುವವರು ಕಡಿಮೆ.

ಕೆಲಸ ಸಿಕ್ಕಿದ್ದು ಒಂದು ಸೀಟಿಯಿಂದ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರ್ ಆಗಿದ್ದೆ. ನಮ್ಮವರಿಗೆ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಕೆಲಸವಾಗಿ, ಅಲ್ಲೇ ಪಕ್ಕದ ಮರ್ಫಿಯಲ್ಲಿ ಮನೆ ಮಾಡಿದೆವು. ಒಂದು ದಿನ ಪಕ್ಕದ ಮನೆಯ ಮಗುವಿನ ಬರ್ತ್‌ಡೇ ಪಾರ್ಟಿ ಈ ಕಾರ್ಪೆಟ್ಟಿನಲ್ಲಿ. ನೋಡುತ್ತೇನೆ, ಹಿಂಡು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ, ಕಾಲಿಗೆ ಕಟ್ಟಿದ ಉದ್ದನೆಯ ಸ್ಕೀ ಹಲಗೆಗಳು ಹೆಣೆದುಕೊಂಡಿವೆ, ಮ್ಯಾನೇಜರ್ ಮಧ್ಯೆ ನಿಂತು "ಪ್ಲೀಸ್, ಪ್ಲೀಸ್" ಎನ್ನುತ್ತಿದ್ದಾನೆ. ನನ್ನ ಕೀಗೊಂಚಲಿನಲ್ಲಿ ಮೈಸೂರಿನ ಸೀಟಿ ಇನ್ನೂ ಇತ್ತು. ತೆಗೆದು ಊದಿದೆ. ಮಕ್ಕಳು ಸ್ತಬ್ಧರಾದರು, ಪಿಜ್ಜಾ ತಿನ್ನುತ್ತಿದ್ದ ಅಪ್ಪಂದಿರು ಸ್ತಬ್ಧರಾದರು, ಮ್ಯಾನೇಜರೂ ಅಟೆನ್ಷನ್ನಿಗೆ ಬಂದ. ಆಮೇಲೆ ನನ್ನ ಹತ್ತಿರ ಬಂದು "ಇಂಟರೆಸ್ಟಿಂಗ್" ಅಂದ.

ಅವನೇ ಡಗ್, ನಿವೃತ್ತಿಯಾಗುವವರೆಗೂ ನನಗೆ ಮೇಲಧಿಕಾರಿಯಾಗಿದ್ದವನು. ಕೊಲರಾಡೊದಲ್ಲಿ ಹುಟ್ಟಿ ನಡೆಯುವ ಮೊದಲೇ ಜಾರಲು ಕಲಿತವನಂತೆ. ಎರಡೂ ಮಂಡಿ ಸವೆಸಿಕೊಂಡು ಟೆಕ್ಸಸ್ಸಿಗೆ ಬಂದಿದ್ದ. ಡಗ್ ಯಾರನ್ನೂ ಬೈದದ್ದಿಲ್ಲ, ಹೊಗಳಿದ್ದೂ ಇಲ್ಲ. ಎರಡಕ್ಕೂ ಅವನ ಬಾಯಲ್ಲಿ ಇದ್ದದ್ದು "ಇಂಟರೆಸ್ಟಿಂಗ್" ಒಂದೇ. ಕಿವಿ ನೋಡಿ ತಿಳಿದುಕೊಳ್ಳಬೇಕು. ಕಿವಿ ಕೆಂಪಗಾಗಿದ್ದರೆ ಬೈಗುಳ.

ಮೊದಲ ತಿಂಗಳುಗಳಲ್ಲಿ ನಾನು ಆ ಕಿವಿ ಬೆಳ್ಳಗಿದ್ದದ್ದನ್ನು ನೋಡಲೇ ಇಲ್ಲ. ಶಾಲೆಯಲ್ಲಿ ನಾನು ಕಲಿಸಿದ ತಿರುವೆಂದರೆ ಕವಾಯತಿನ ತಿರುವು. ಎದೆ, ಭುಜ, ಮೂತಿ ಎಲ್ಲ ಒಟ್ಟಿಗೆ ತಿರುಗಬೇಕು. ಸ್ಕೀಯಲ್ಲಿ ಎಲ್ಲ ತಲೆಕೆಳಗು. ಮೇಲಿನ ಮೈ ಸುಮ್ಮನೆ ಕೆಳಗಿನ ಕಡೆಗೆ ಮುಖ ಮಾಡಿರಬೇಕು, ತಿರುಗುವುದು ಕಾಲು. ಬಲಕ್ಕೆ ಹೋಗಬೇಕಾದರೆ ಎಡಗಾಲಿನ ಮೇಲೆ ಭಾರ ಹಾಕಬೇಕು, ಎಡಕ್ಕೆ ಹೋಗಬೇಕಾದರೆ ಬಲಗಾಲಿನ ಮೇಲೆ. ಇಷ್ಟೇ ವಿದ್ಯೆ. ಇದು ತಲೆಗೆ ಹೋಗಲು ಒಂದು ನಿಮಿಷ ಸಾಕು, ಕಾಲಿಗೆ ಇಳಿಯಲು ನನಗೆ ಒಂದು ಚಳಿಗಾಲ ಹಿಡಿಯಿತು. ನಮ್ಮವರು ದಿನಾ ಸಂಜೆ "ಇವತ್ತು ಎಲ್ಲಿ ನೋವು?" ಎಂದು ಕೇಳಿಯೇ ಕಾಫಿ ಕೊಡುತ್ತಿದ್ದರು.

ಕೋಚ್ ಆಗಿ ನಾನು ಮಾಡಿದ ಮೊದಲ ದೊಡ್ಡ ಎಡವಟ್ಟು ಭರತನಾಟ್ಯದ ಮಕ್ಕಳ ಜೊತೆ. ಪ್ಲೇನೋದ ಒಂದು ಡ್ಯಾನ್ಸ್ ಕ್ಲಾಸಿನ ಹುಡುಗಿಯರು ಸಾಲಾಗಿ ಬಂದಿದ್ದರು. ಮಂಡಿ ಬಗ್ಗಿಸಿ ಎಂದು ಎಷ್ಟು ಹೇಳಿದರೂ ಕಂಬದ ಹಾಗೆ ನಿಂತಿದ್ದರು. ನಮ್ಮ ಮಕ್ಕಳಲ್ಲವೇ, ನಮ್ಮ ಭಾಷೆಯಲ್ಲೇ ಹೇಳಿದರಾಯಿತು ಎಂದು "ಎಲ್ರೂ ಅರೆಮಂಡಿ ಕೂತ್ಕೊಳ್ಳಿ!" ಎಂದು ಕೂಗಿದೆ. ಏನು ಶಿಸ್ತು, ಏನು ಕಥೆ! ಎಲ್ಲರೂ ಒಂದೇ ಏಟಿಗೆ ಮಂಡಿಗಳನ್ನು ಆಚೆ ಈಚೆ ಅರಳಿಸಿ ಅಚ್ಚುಕಟ್ಟಾಗಿ ಅರೆಮಂಡಿ ಕೂತರು. ಸ್ಕೀಯಲ್ಲಿ ಮಂಡಿ ಮುಂದಕ್ಕೆ ಬಗ್ಗಬೇಕು, ಹೊರಕ್ಕಲ್ಲ. ಮಂಡಿ ಹೊರಕ್ಕೆ ಹೋದರೆ ಸ್ಕೀಯ ಮೂತಿಗಳೂ ಹೊರಕ್ಕೆ ಹೋಗುತ್ತವೆ. ಒಂದು ಸ್ಕೀ ಆಸ್ಟಿನ್ ಕಡೆಗೆ, ಇನ್ನೊಂದು ಹೂಸ್ಟನ್ ಕಡೆಗೆ ಹೊರಟಿತು. ಹುಡುಗಿಯರು ಬಿದ್ದದ್ದೂ ತಾಳಬದ್ಧವಾಗಿ. ಬಿದ್ದ ಮೇಲೂ ಅವರ ಮುಖದ ನಗು ಮಾಸಲಿಲ್ಲ, ಕ್ಲಾಸಿನಲ್ಲಿ ಹಾಗೆ ಕಲಿಸಿದ್ದರು. ಡಗ್ ಬಂದು "ನೀನು ಅವರಿಗೆ ಏನು ಹೇಳಿದೆ?" ಎಂದು ಕೇಳಿದ. ಕಿವಿಯ ಬಣ್ಣ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಕೀರ್ತನಾ, ನಮ್ಮವರು ಬಂದಾಗ ನಮ್ಮ ಮಾತು ಬಳಸು, ಆದರೆ ಬಳಸುವ ಮೊದಲು ನೀನೇ ಒಮ್ಮೆ ಸ್ಕೀ ಹಾಕಿಕೊಂಡು ಮಾಡಿ ನೋಡು. ಸ್ಕೀಗಳ ಮೂತಿ ಹತ್ತಿರ ತಂದು ಹಿಮ್ಮಡಿ ದೂರ ಇಟ್ಟು ವೇಗ ತಗ್ಗಿಸುವುದಕ್ಕೆ ಎಲ್ಲ ಕಡೆ ಪಿಜ್ಜಾ ಎನ್ನುತ್ತಾರೆ. ನಾನು ಸಮೋಸ ಎನ್ನುತ್ತಿದ್ದೆ. ಗುಜರಾತಿಗಳಿಂದ ಹಿಡಿದು ತಮಿಳರವರೆಗೆ ಎಲ್ಲರ ಕಾಲೂ ತಾನಾಗಿ ತ್ರಿಕೋನವಾಗುತ್ತಿತ್ತು. ಅದರಿಂದ ಯಾರೂ ಬೀಳಲಿಲ್ಲ, ಸ್ವಲ್ಪ ಹಸಿವಾಗುತ್ತಿತ್ತು ಅಷ್ಟೆ.

ಆಮೇಲೆ ಆಸ್ಟಿನ್. ಅಲ್ಲಿ ಹೊಸ ಶಾಖೆ ತೆರೆದಾಗ ಡಗ್ ನನ್ನನ್ನು ಕಳಿಸಿದ. ನಮ್ಮವರು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲ, ಆದ್ದರಿಂದ ನಮ್ಮ ಮನೆಯೂ ಹಿಂದೆಯೇ ಬಂತು. ಆಸ್ಟಿನ್ನಿನ ಟೆಕ್ ಹುಡುಗರಿಗೆ ಬೀಳುವುದರ ಭಯವಿಲ್ಲ, ಅಂಕಿಯ ಭಯ. ಬೂಟಿನೊಳಗೆ ಸೆನ್ಸರ್ ಇಟ್ಟುಕೊಂಡು, ಕಿವಿಗೊಂದು ಇಯರ್‌ಬಡ್ ಸಿಕ್ಕಿಸಿಕೊಂಡು ಬರುತ್ತಿದ್ದರು. ಪ್ರತಿ ತಿರುವಿಗೂ ಫೋನಿನ ಆ್ಯಪು ಮಾರ್ಕ್ಸ್ ಕೊಡುತ್ತಿತ್ತು. ಬೆಂಗಳೂರಿನ ಜಯನಗರದ ಒಬ್ಬ ಹುಡುಗ ದೊಪ್ಪನೆ ಬಿದ್ದು ಕಾರ್ಪೆಟ್ಟಿನ ತುದಿವರೆಗೂ ಬೆನ್ನ ಮೇಲೆ ಹೋದ. ಓಡಿ ಹೋಗಿ ಎಬ್ಬಿಸಿದರೆ ಮುಖದಲ್ಲಿ ಖುಷಿ. "ಆಂಟಿ, ಎಕ್ಸಲೆಂಟ್ ಎಡ್ಜ್ ಆ್ಯಂಗಲ್ ಅಂತು!" ಅಂದ. ಬಿದ್ದಾಗ ಕಾಲು ಅಡ್ಡಾಗಿತ್ತಲ್ಲ, ಅದನ್ನೇ ಆ್ಯಪು ಸೊಗಸಾದ ತಿರುವೆಂದು ತಿಳಿದಿತ್ತು. ಹಾಗೆಂದು ಸೆನ್ಸರನ್ನು ನಾನು ಹಳಿಯುವುದಿಲ್ಲ. ಯಾವ ಕಾಲಿನ ಮೇಲೆ ಎಷ್ಟು ಭಾರವಿದೆ ಎಂದು ಅದು ಸರಿಯಾಗಿಯೇ ಹೇಳುತ್ತದೆ. ಏಕೆ ಹಾಗೆ ಎಂದು ಹೇಳುವುದಿಲ್ಲ, ಅದನ್ನು ಮನುಷ್ಯರೇ ಕೇಳಿ ತಿಳಿಯಬೇಕು.

ಕೊನೆಗೆ ಹೂಸ್ಟನ್. ಫುಲ್‌ಶೀರ್ ಹತ್ತಿರ ಹೊಸ ಬಡಾವಣೆಗಳು ಎದ್ದು, ಅಲ್ಲೊಂದು ಕಾರ್ಪೆಟ್ಟು ಬಂದು, ನಾನು ಅಲ್ಲಿಗೆ ಹಿರಿಯ ಕೋಚ್ ಆಗಿ ಹೋದೆ. ಡಗ್ ಕೂಡ ಅಲ್ಲಿಗೇ ಬಂದ. ಅಲ್ಲಿ ನಾನು ಮಾಡಿದ ಕೆಲಸ ನಮ್ಮ ಕಂಪನಿಯಲ್ಲಿ ಇನ್ನೂ ಯಾರೂ ಮರೆತಿಲ್ಲ.

ಆಯುಧಪೂಜೆಯ ದಿನ. ಮನೆಯಲ್ಲಿ ಕಾರಿಗೆ, ಮಿಕ್ಸಿಗೆ, ನಮ್ಮವರ ಲ್ಯಾಪ್‌ಟಾಪಿಗೆ ಎಲ್ಲಕ್ಕೂ ಪೂಜೆ ಆಯಿತು. ಅನ್ನ ಹಾಕುವ ಕಾರ್ಪೆಟ್ಟಿಗೆ ಮಾತ್ರ ಒಂದು ಹೂವೂ ಇಲ್ಲ ಎಂದು ಮನಸ್ಸು ಚುಚ್ಚಿತು. ಡಗ್‌ನನ್ನು ಕೇಳಿದೆ. ಬೆಂಕಿ ಹಚ್ಚಬಾರದು, ಬೇಗ ಮುಗಿಸಬೇಕು ಎಂದು ಒಪ್ಪಿದ. ಅರಿಶಿನ ಕುಂಕುಮ, ಸೇವಂತಿಗೆ ಹೂವು, ನಿಂಬೆಹಣ್ಣು ತಂದೆ. ಕಾರಿನ ಚಕ್ರದಡಿ ಇಡುವ ಹಾಗೆ ನಿಂಬೆಹಣ್ಣುಗಳನ್ನು ಕಾರ್ಪೆಟ್ಟಿನ ಕೆಳತುದಿಯಲ್ಲಿ ಇಟ್ಟೆ. ಕಾರು ನಿಂಬೆಹಣ್ಣಿನ ಮೇಲೆ ಹೋಗುತ್ತದೆ, ಆದರೆ ಇಲ್ಲಿ ನಿಂಬೆಹಣ್ಣೇ ಕಾರ್ಪೆಟ್ಟಿನ ಮೇಲಿದೆ ಎಂಬ ಸರಳ ಸಂಗತಿ ಭಕ್ತಿಯ ಭರದಲ್ಲಿ ಹೊಳೆಯಲಿಲ್ಲ. ಅರಿಶಿನದ ಬಟ್ಟಲನ್ನೂ ಅಲ್ಲೇ ಪಕ್ಕಕ್ಕಿಟ್ಟು, ಕೈ ಮುಗಿದು, ಹಸಿರು ಗುಂಡಿ ಒತ್ತಿದೆ.

ನಿಂಬೆಹಣ್ಣುಗಳು ಮೆರವಣಿಗೆ ಹೊರಟವು. ಮೇಲಿನ ತುದಿಗೆ ಹೋಗಿ ಒಂದೊಂದಾಗಿ ರೋಲರಿನ ಸಂದಿಗೆ ಇಳಿದು ಪಿಚಕ್ಕೆಂದವು. ಯಂತ್ರ ಗಕ್ಕನೆ ನಿಂತಿತು. ನಿಂತ ರಭಸಕ್ಕೆ ಬಟ್ಟಲು ಉರುಳಿ, ಅರಿಶಿನ ಕಾರ್ಪೆಟ್ಟಿನ ಮೇಲಿದ್ದ ನೀರಿಗೆ ಸೇರಿ, ಈ ಕಡೆಯಿಂದ ಆ ಕಡೆಗೆ ಅಡ್ಡಡ್ಡ ಒಂದು ಪಟ್ಟಿ ಹರಡಿಕೊಂಡಿತು. ಒರೆಸಿದಷ್ಟೂ ಅಗಲವಾಯಿತು. ಅರಿಶಿನದ ಕಲೆ ಹೋಗಬೇಕಾದರೆ ಬಿಸಿಲಿಗೆ ಹಾಕಬೇಕು. ಟೆಕ್ಸಸ್ಸಿನಲ್ಲಿ ಬಿಸಿಲಿಗೇನು ಬರ, ಆದರೆ ಗೋಡೌನಿನಗಲದ ಕಾರ್ಪೆಟ್ಟನ್ನು ಯಾವ ಹಗ್ಗಕ್ಕೆ ಒಣಹಾಕುವುದು? ಡಗ್ ಬಂದು ನೋಡಿದ. "ಇಂಟರೆಸ್ಟಿಂಗ್" ಅಂದ. ಕಿವಿ ಕುಂಕುಮವಾಗಿತ್ತು. ಹೊಸ ಕಾರ್ಪೆಟ್ಟಿಗೆ ಆರ್ಡರ್ ಹಾಕಿದ, ಅದು ಬರಲು ತಿಂಗಳುಗಳು ಬೇಕಿತ್ತು. ಅಲ್ಲಿಯವರೆಗೆ ನಮ್ಮ ಬೆಟ್ಟಕ್ಕೆ ಅರಿಶಿನದ ಪಟ್ಟಿ ಖಾಯಂ ಆಯಿತು.

ಆ ಪಟ್ಟಿ ಇದ್ದ ಕಾಲದಲ್ಲೇ ಡಾಕ್ಟರ್ ಗುರುಪಾದ ಬಂದರು. ಧಾರವಾಡದವರು, ಶುಗರ್ ಲ್ಯಾಂಡಿನಲ್ಲಿ ಮನೆ. ಸರ್ಜನ್ ಆಗಿ ನಿವೃತ್ತರಾದವರು. ಜೊತೆಗೆ ಅವರ ಹೆಂಡತಿ ಶಾಂತಕ್ಕ, ಕೈಯಲ್ಲಿ ಹೆಣಿಗೆಯ ಚೀಲ. ಮೊದಲ ದಿನವೇ ಡಾಕ್ಟರು ತಮ್ಮ ಬೇಡಿಕೆಯನ್ನು ನನ್ನ ಮುಂದಿಟ್ಟರು.

"ನೋಡ್ರಿ ವತ್ಸಲಾ ಅವರ, ನನಗ ದೊಡ್ಡ ಸ್ಕೀ ಪೈಲ್ವಾನ್ ಆಗೂದೇನು ಬೇಕಾಗಿಲ್ಲ. ಒಂದ ಸಲ, ನನ್ನ ಮೊಮ್ಮಗಳ ಜೋಡಿ, ಮ್ಯಾಲಿಂದ ಕೆಳಗ ಬರಬೇಕು. ಮುಗೀತು."

ಪ್ರತಿ ಡಿಸೆಂಬರಿನಲ್ಲಿ ಮಗಳ ಸಂಸಾರದ ಜೊತೆ ಇವರೂ ನ್ಯೂ ಮೆಕ್ಸಿಕೊಗೆ ಹೋಗುತ್ತಿದ್ದರು. ಎಲ್ಲರೂ ಜಾರಲು ಹೋದರೆ ಇವರು ಬೆಟ್ಟದ ಕೆಳಗಿನ ಕಟಕಟೆಯ ಹತ್ತಿರ ನಿಂತು ಎಲ್ಲರ ಜಾಕೆಟ್ಟು, ಮಫ್ಲರು, ಫೋನು, ಬಿಸಿನೀರಿನ ಫ್ಲಾಸ್ಕು ಹಿಡಿದುಕೊಳ್ಳುವುದು. ಮೊಮ್ಮಗಳು ನಿಧಿ, ಮೂರನೇ ಕ್ಲಾಸು. ಹಿಂದಿನ ವರ್ಷ ಮಫ್ಲರ್ ತಂದು ಅಜ್ಜನ ಕೈಗೆ ಕೊಡುತ್ತಾ, ಇನ್ನೊಂದೇ ವರ್ಷ ತಾನು ಈ ಸಲೀಸು ಇಳಿಜಾರಿನಲ್ಲಿ ಇರುವುದು, ಆಮೇಲೆ ಫ್ರೆಂಡ್ಸ್ ಜೊತೆ ಮೇಲಿನ ಕಡಿದಾದ ಬೆಟ್ಟಕ್ಕೆ ಹೋಗುತ್ತೇನೆ ಎಂದಿದ್ದಳಂತೆ.

"ಮ್ಯಾಲಿನ ಗುಡ್ಡಕ್ಕ ನಾ ಈ ಜನ್ಮದಾಗ ಹೋಗಂಗಿಲ್ರಿ," ಅಂದರು ಡಾಕ್ಟರು. "ಅಂದ್ರ ಉಳದದ್ದು ಈ ಒಂದ ಡಿಸೆಂಬರ್. ಇದ ತಪ್ಪಿದ್ರ ನಾ ಕಡೀತನಕಾ ಜಾಕೆಟ್ ಸ್ಟ್ಯಾಂಡ್."

ನಗುತ್ತಲೇ ಹೇಳಿದರು, ಆದರೆ ಅವರ ಕಣ್ಣಲ್ಲಿ ನಗುವಿರಲಿಲ್ಲ. ನನಗೂ ಆಗ ನಿವೃತ್ತಿಗೆ ಉಳಿದದ್ದು ಅದೇ ಡಿಸೆಂಬರ್. ಈ ಮನುಷ್ಯನನ್ನು ಕೆಳಗಿಳಿಸಿಯೇ ಬಿಡುವುದು ಎಂದು ಮನಸ್ಸಿನಲ್ಲೇ ಹಟ ತೊಟ್ಟೆ.

ಬಲಕ್ಕೆ ಡಾಕ್ಟರು ಮೂರನೇ ಪಾಠಕ್ಕೇ ಚೆನ್ನಾಗಿ ತಿರುಗಿದರು. ಎಡಕ್ಕೆ ಮಾತ್ರ ಜಪ್ಪಯ್ಯ ಎಂದರೂ ಇಲ್ಲ. ಎಡಕ್ಕೆ ಎಂದೊಡನೆ ಭುಜ ತಿರುಗುತ್ತಿತ್ತು, ಕುತ್ತಿಗೆ ತಿರುಗುತ್ತಿತ್ತು, ಕೊನೆಗೆ ಕಣ್ಣುಗುಡ್ಡೆಯೂ ತಿರುಗುತ್ತಿತ್ತು, ಸ್ಕೀಗಳು ಮಾತ್ರ ನೆಟ್ಟಗೆ ಕನ್ನಡಿಯ ಕಡೆಗೆ ಹೊರಡುತ್ತಿದ್ದವು. ಕನ್ನಡಿಯಲ್ಲಿ ತಮ್ಮ ಮೂತಿ ದೊಡ್ಡದಾಗುತ್ತಾ ಬಂದಂತೆ ಡಾಕ್ಟರು "ಬಂದ್ ಮಾಡ್ರಿ! ವತ್ಸಲಾ ಅವರ, ಬಂದ್ ಮಾಡ್ರಿ!" ಎಂದು ಕೂಗುವರು, ನಾನು ಕೆಂಪು ಗುಂಡಿ ಒತ್ತುವೆನು. ಇದೇ ನಮ್ಮ ನಿತ್ಯಕರ್ಮವಾಯಿತು.

ಭುಜದ ರೋಗಕ್ಕೆ ಒಂದು ಹಳೆಯ ಮದ್ದಿದೆ. ಸ್ಕೀ ಮಾಡುವಾಗ ಕೈಯಲ್ಲಿ ಹಿಡಿಯುವ ಎರಡೂ ಕೋಲುಗಳನ್ನು ಅಡ್ಡವಾಗಿ, ತಟ್ಟೆ ಹಿಡಿದ ಹಾಗೆ ಮುಂದೆ ಹಿಡಿಯಬೇಕು. ಕಾಲು ಎತ್ತ ತಿರುಗಿದರೂ ತಟ್ಟೆ ಕನ್ನಡಿಗೆ ನೇರವಾಗಿರಬೇಕು.

"ಹೆಣ್ಣು ನೋಡೋಕೆ ಬಂದವ್ರಿಗೆ ಕಾಫಿ ತರ್ತಾ ಇದ್ದೀರ ಅಂದ್ಕೊಳ್ಳಿ ಡಾಕ್ಟ್ರೇ. ಕಪ್ಪು ಅಲ್ಲಾಡಬಾರದು."

"ನಾ ತರೂದಲ್ರಿ, ಆಕಿ ತಂದಿದ್ಲು," ಎಂದು ಶಾಂತಕ್ಕನ ಕಡೆ ನೋಡಿದರು.

"ನಾ ಏನೂ ಚೆಲ್ಲಿದ್ದಿಲ್ರಿ," ಅಂದರು ಶಾಂತಕ್ಕ, ಹೆಣಿಗೆಯಿಂದ ತಲೆ ಎತ್ತದೆ. "ಇವರ ಕುಡಿಯೂ ಮುಂದ ಅಂಗಿ ಮ್ಯಾಲೆ ಚೆಲ್ಲಿಕೊಂಡ್ರು."

ತಟ್ಟೆಯಿಂದ ಭುಜ ಸುಮ್ಮನಾಯಿತು. ಆದರೂ ಎಡದ ತಿರುವು ಬರಲಿಲ್ಲ. ಬಲಗಾಲಿನ ಮೇಲೆ ಭಾರ ಬೀಳುತ್ತಲೇ ಇರಲಿಲ್ಲ. ಬಲಮಂಡಿಯ ಮೇಲೆ ಕೈಯಿಟ್ಟು ಒತ್ತಿಸಿದೆ. ಆಸ್ಟಿನ್ನಿನಿಂದ ಸೆನ್ಸರು ತರಿಸಿ ಬೂಟಿನಲ್ಲಿ ಇಟ್ಟೆ. ಬಲಗಾಲು ಇದೆಯೋ ಇಲ್ಲವೋ ಎಂಬಂತೆ ಅದು ಸುಮ್ಮನೆ ಕೂತಿತು. ಎಲೆ ಉದುರಲು ಶುರುವಾಗಿತ್ತು, ಡಿಸೆಂಬರ್ ಹತ್ತಿರ ಬರುತ್ತಿತ್ತು. ಒಂದು ದಿನ ಡಾಕ್ಟರು ಬೂಟು ಬಿಚ್ಚುತ್ತಾ "ಬಿಡ್ರಿ, ಜಾಕೆಟ್ ಹಿಡಿಯೂದೂ ಒಂದು ಕೆಲಸಾನ ಐತಿ" ಅಂದರು. ನನಗೆ ಅಳು ಬರುವ ಹಾಗಾಯಿತು. ಪಿ.ಟಿ. ಟೀಚರು ಅಳಬಾರದೆಂದು ಸೀಟಿಯನ್ನು ಒರೆಸುತ್ತಾ ನಿಂತೆ.

ಆಗ ಶಾಂತಕ್ಕ ಹೆಣಿಗೆ ಕೆಳಗಿಟ್ಟರು. "ನಾ ಒಂದು ಕೇಳ್ಲೇನ್ರಿ? ಇವರು ಮನಿಯಾಗೂ ಹಿಂಗ ನಿಂದರತಾರ. ಚಹಾ ಮಾಡೂ ಮುಂದ ನೋಡ್ರಿ, ಎಡಗಾಲ ಮ್ಯಾಲೆ ನಿಂತು, ಬಲಗಾಲ ತುದಿ ಅಷ್ಟ ನೆಲಕ್ಕ ತಾಗಿಸಿರತಾರ. ಕೊಕ್ಕರಿ ನಿಂತಂಗ. ಮೂವತ್ತು ವರ್ಷದಿಂದ ನೋಡಾಕತ್ತೇನಿ."

ಡಾಕ್ಟರು ಬೂಟಿನ ಕ್ಲಿಪ್ಪು ಹಿಡಿದುಕೊಂಡೇ ಗಕ್ಕನೆ ತಲೆಯೆತ್ತಿದರು. "ಪೆಡಲ್!" ಅಂದರು.

ಆಪರೇಷನ್ ಮಾಡುವಾಗ ರಕ್ತನಾಳ ಸುಟ್ಟು ಮುಚ್ಚುವ ಉಪಕರಣಕ್ಕೆ ಕಾಲಡಿ ಒಂದು ಪೆಡಲ್ ಇರುತ್ತದಂತೆ. ಬಲಗಾಲಿನ ತುದಿ ಅದರ ಮೇಲೆ. ಭಾರ ಹಾಕುವ ಹಾಗಿಲ್ಲ, ಹಾಕಿದರೆ ಬೇಡದ ಕಡೆ ಸುಟ್ಟೀತು. ಸರ್ವೀಸು ಮುಗಿಯುವವರೆಗೂ ಎಡಗಾಲಿನ ಮೇಲೆ ನಿಂತು, ಬಲಗಾಲನ್ನು ಹೂವಿನ ಹಾಗೆ ಇಟ್ಟುಕೊಂಡು ಬಂದ ಮನುಷ್ಯನಿಗೆ ನಾನು ಬಲಗಾಲು ತುಳೀರಿ, ತುಳೀರಿ ಎಂದು ಅರಚುತ್ತಿದ್ದೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಡಗ್ ಕೇಳಿಸಿಕೊಂಡು "ಇಂಟರೆಸ್ಟಿಂಗ್" ಅಂದ. ಅಂದು ಕಿವಿ ಬೆಳ್ಳಗಿತ್ತು.

ಅಲ್ಲಿಂದ ಪಾಠದ ದಾರಿಯೇ ಬದಲಾಯಿತು. ಬಲಗಾಲು ತುಳಿಯಿರಿ ಎನ್ನುವುದನ್ನು ಬಿಟ್ಟೆ. ಎಡಗಾಲು ಎತ್ತಿ ಎಂದೆ. ಎಡದ ಸ್ಕೀಯನ್ನು ಒಂದಿಷ್ಟು ಮೇಲೆತ್ತಿ, ಟಪ್ ಎಂದು ಇಟ್ಟು, ಮತ್ತೆ ಎತ್ತಬೇಕು. ಎಡಗಾಲು ಗಾಳಿಯಲ್ಲಿದ್ದರೆ ಭಾರ ಇನ್ನೆಲ್ಲಿಗೆ ಹೋಗುತ್ತದೆ? ಯಾವಾಗ ಎತ್ತಬೇಕೆಂಬುದಕ್ಕೆ ನನ್ನ ಅರಿಶಿನದ ಪಟ್ಟಿ ಒದಗಿ ಬಂತು. ಕಾರ್ಪೆಟ್ಟು ಸುತ್ತಿದಂತೆ ಪಟ್ಟಿ ಕೆಳಗಿನಿಂದ ಎದ್ದು, ಮುಂದೆ ಬಂದು, ಕಾಲಡಿ ಹಾದು, ಹಿಂದೆ ಮರೆಯಾಗಿ, ಮತ್ತೆ ಅದೇ ಹೊತ್ತಿಗೆ ಬರುತ್ತಿತ್ತು. ಪಟ್ಟಿ ಸ್ಕೀಯ ಮೂತಿಗೆ ತಾಗಿದೊಡನೆ ಎಡಕ್ಕೆ, ಪಟ್ಟಿ ಮರೆಯಾದ ಮೇಲೆ ಬಲಕ್ಕೆ. ಡಾಕ್ಟರು "ಅರಿಷಿಣ ಬಂತು!" ಎಂದು ಕೂಗುತ್ತಾ ಎಡಗಾಲು ಎತ್ತುತ್ತಿದ್ದರು. ಮೊದಲ ಎಡದ ತಿರುವು ಬಂದ ದಿನ ಶಾಂತಕ್ಕ ನನ್ನ ಬಾಯಿಗೆ ಕರದಂಟು ತುರುಕಿದರು. ಅವರನ್ನು ನೋಡಿ ಉಳಿದ ವಿದ್ಯಾರ್ಥಿಗಳೂ ಪಟ್ಟಿ ಹಿಡಿದು ತಿರುಗಲು ಶುರು ಮಾಡಿದರು. ಬಿಳಿಯರ ಮಕ್ಕಳೂ "ಅರಿಷಿನ್!" ಎನ್ನುತ್ತಿದ್ದವು.

ನ್ಯೂ ಮೆಕ್ಸಿಕೊಗೆ ಹೊರಡಲು ಇನ್ನೇನು ಎರಡು ವಾರವಿದೆ ಎನ್ನುವಾಗ ಹೊಸ ಕಾರ್ಪೆಟ್ಟು ಬಂತು. ಅಪ್ಪಟ ಬಿಳಿ. ಡಾಕ್ಟರು ಬಂದು ನೋಡಿ ಬೆಪ್ಪಾದರು. "ಅರಿಷಿಣ ಎಲ್ಲಿ ಹೋತ್ರಿ?"

ಹತ್ತಿ ನಿಂತರೆ ಮತ್ತೆ ಹಳೇ ರಾಗ, ನೆಟ್ಟಗೆ ಕನ್ನಡಿಗೆ, ಬಂದ್ ಮಾಡ್ರಿ. ಮರುದಿನ ಜೇಬಿನಿಂದ ಒಂದು ಅರಿಶಿನದ ಪ್ಯಾಕೆಟ್ ತೆಗೆದು, ಡಗ್ ಅತ್ತ ಇದ್ದಾನೆಯೇ ಎಂದು ನೋಡಿ, "ಸ್ವಲ್ಪ ಹಚ್ಚೂಣೇನ್ರಿ?" ಎಂದು ಪಿಸುಗುಟ್ಟಿದರು.

"ಅಲ್ಲಿ ಬೆಟ್ಟಕ್ಕೆಲ್ಲ ಹಚ್ಚೋಕಾಗುತ್ತಾ ಡಾಕ್ಟ್ರೇ? ಒಳಗಡೆ ಇಡಿ ಅದನ್ನ," ಎಂದು ಗದರಿದೆ.

ಪ್ಯಾಕೆಟ್ಟನ್ನು ಶಾಂತಕ್ಕ ಕಸಿದುಕೊಂಡು ಚೀಲಕ್ಕೆ ಹಾಕಿದರು. ಅವತ್ತಿನಿಂದ ಮನೆಯಲ್ಲಿ ಚಹಾ ಮಾಡುವ ಕೆಲಸವೆಲ್ಲ ಡಾಕ್ಟರದು, ಎಡಗಾಲು ಎತ್ತಿಕೊಂಡೇ ಮಾಡಬೇಕು ಎಂದು ಅವರೇ ಅಪ್ಪಣೆ ಹೊರಡಿಸಿದರು. ಒಲೆಯ ಮುಂದೆ ಅಷ್ಟು ಚಹಾ ಆದ ಮೇಲೆ ಕಾಲಿಗೆ ಬುದ್ಧಿ ಬಂತು. ಹೊರಡುವ ಹಿಂದಿನ ಪಾಠದಲ್ಲಿ, ಬಿಳಿ ಕಾರ್ಪೆಟ್ಟಿನ ಮೇಲೆ, ಯಾವ ಗುರುತೂ ಇಲ್ಲದೆ, ಡಾಕ್ಟರು ಎಡಕ್ಕೆ ತಿರುಗಿದರು. "ನೀವೂ ಬರಬೇಕ್ರಿ," ಅಂದರು ಶಾಂತಕ್ಕ. "ಇಷ್ಟ ವರ್ಷ ಕಲಿಸೀರಿ, ಒಮ್ಮೆ ಹಿಮಾನೂ ನೋಡ್ರಿ." ನನ್ನ ಕೇಕು ಕತ್ತರಿಸಿ, ಕೀರ್ತನಾಗೆ ಸಾಕ್ಸಿನ ಉಪದೇಶ ಮಾಡಿ, ರಿಮೋಟ್ ಅವಳ ಕೈಗಿಟ್ಟು, ಮರುವಾರ ನಾನೂ ನಮ್ಮವರೂ ಅವರ ವ್ಯಾನು ಹತ್ತಿದೆವು.

ಹಿಮದ ಬೆಟ್ಟ ನೋಡಿದೊಡನೆ ನನಗೆ ಅನ್ನಿಸಿದ್ದು ಇಷ್ಟೆ: ಇದಕ್ಕೆ ಕನ್ನಡಿ ಇಲ್ಲ. ನಾನು, ಶಾಂತಕ್ಕ, ನಮ್ಮವರು ಕೆಳಗೆ ಕಟಕಟೆಯ ಹತ್ತಿರ ನಿಂತೆವು. ಮೇಲೆ ಡಾಕ್ಟರು, ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್, ಕುತ್ತಿಗೆಗೆ ಮಫ್ಲರ್. ಪಕ್ಕದಲ್ಲಿ ನಿಧಿ. ಇಬ್ಬರೂ ಹೊರಟರು. ಬಲಕ್ಕೆ ತಿರುಗಿದರು. ಎಡಗಾಲು ಟಪ್, ಎಡಕ್ಕೆ ತಿರುಗಿದರು. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಶಾಂತಕ್ಕ ನನ್ನ ತೋಳು ಹಿಡಿದದ್ದು ನೀಲಿಗಟ್ಟುವಂತಿತ್ತು. ನನಗೆ ಕಣ್ಣು ಮಂಜಾಗಿ, ಅದು ಚಳಿಗೆ ಎಂದು ನಮ್ಮವರಿಗೆ ಹೇಳಿದೆ. ನಿಧಿ ಮೊದಲು ಕೆಳಗೆ ಬಂದು ಸಲೀಸಾಗಿ ನಿಂತಳು.

ಡಾಕ್ಟರು ನಿಲ್ಲಲಿಲ್ಲ. ಕೊನೆಯ ಇಳಿಜಾರಿನಲ್ಲಿ ನೆಟ್ಟಗೆ ನಮ್ಮ ಕಡೆಗೇ ಬರುತ್ತಿದ್ದರು. ಸಮೋಸ ಮಾಡಿದರು, ವೇಗಕ್ಕೆ ಅದು ಸಾಲಲಿಲ್ಲ. ಮುಖ ದೊಡ್ಡದಾಗುತ್ತಾ ಬಂತು. ಇಡೀ ಬೆಟ್ಟಕ್ಕೆ ಕೇಳುವಂತೆ ಕೂಗಿದರು: "ಬಂದ್ ಮಾಡ್ರಿ! ವತ್ಸಲಾ ಅವರ, ಬಂದ್ ಮಾಡ್ರಿ!"

ಕೋಟಿನ ಜೇಬಿನಲ್ಲಿ ನನ್ನ ಹೆಬ್ಬೆರಳು ತಾನಾಗಿ ಒತ್ತಿತು. ಅಲ್ಲಿದ್ದದ್ದು ಶಾಂತಕ್ಕ ಕೊಟ್ಟ ಕರದಂಟಿನ ಚೂರು. ಒಂದು ಕ್ಷಣ, ಬೆಟ್ಟ ಏಕೆ ನಿಲ್ಲುತ್ತಿಲ್ಲ ಎಂದು ನಿಜವಾಗಿಯೂ ಗಾಬರಿಯಾಯಿತು. ಆಗಲೇ ತಲೆಗೆ ಹೊಳೆದದ್ದು, ನಿಲ್ಲುವ ಕೆಲಸವನ್ನೆಲ್ಲ ಆ ಕೆಂಪು ಗುಂಡಿಯೇ ಮಾಡುತ್ತಿತ್ತು ಎಂದು. ಕೀರ್ತನಾ, ಸಾಕ್ಸಿನ ಮಾತು ಮರೆತರೂ ಚಿಂತೆಯಿಲ್ಲ, ಈ ಮಾತನ್ನು ಮಾತ್ರ ಅಮ್ಮನಿಂದ ಎರಡು ಸಲ ಓದಿಸಿಕೋ. ತಿರುಗುವುದರ ಜೊತೆಗೆ ನಿಲ್ಲುವುದನ್ನೂ ಅವರ ಕಾಲಿಗೇ ಕಲಿಸು. ರಿಮೋಟ್ ನಿನ್ನ ಜೊತೆ ಬೆಟ್ಟಕ್ಕೆ ಬರುವುದಿಲ್ಲ.

ಸೀಟಿ ತೆಗೆದು ಊದಿದೆ. "ಎಡಕ್ಕೆ! ಎಡಗಾಲು ಎತ್ತಿ! ತಿರುಗ್ತಾನೇ ಇರಿ, ಬಿಡಬೇಡಿ!" ಎಂದು ಅರಚಿದೆ. ತಿರುವನ್ನು ಬಿಡದೆ ಹಿಡಿದರೆ ಸ್ಕೀ ಮೇಲ್ಮುಖವಾಗುತ್ತದೆ, ಮೇಲ್ಮುಖವಾದರೆ ನಿಲ್ಲಲೇಬೇಕು. ಡಾಕ್ಟರು ಎಡಗಾಲು ಎತ್ತಿದರು. ಬಲಗಾಲು ಹಿಮಕ್ಕೆ ಕಚ್ಚಿತು. ಎಡಕ್ಕೆ ತಿರುಗಿದರು, ಇನ್ನೂ ತಿರುಗಿದರು, ಕಟಕಟೆಗೆ ಒಂದು ಮಾರು ಇರುವಾಗ ನಮಗೆ ಬೆನ್ನು ಹಾಕಿ, ಬೆಟ್ಟಕ್ಕೆ ಮುಖ ಮಾಡಿ, ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತುಬಿಟ್ಟರು. ನಿಂತದ್ದು ಬಲಗಾಲಿನ ಮೇಲೆ.

ನಿಧಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. "ಅಜ್ಜಾ! ದಟ್ ವಾಸ್ ಸೋ ಕೂಲ್! ಟೀಚ್ ಮೀ ದಟ್!"

ಡಾಕ್ಟರು ಕಾಲು ಕೆಳಗಿಟ್ಟು, ನಮ್ಮ ಕಡೆ ಜಾರಿಕೊಂಡು ಬಂದರು. ಕುತ್ತಿಗೆಯ ಮಫ್ಲರ್ ಬಿಚ್ಚಿದರು. ಫೋನು ತೆಗೆದರು, ಕನ್ನಡಕದ ಡಬ್ಬಿ ತೆಗೆದರು. ಎಲ್ಲವನ್ನೂ ಕಟಕಟೆಯ ಮೇಲಿಂದ ನನ್ನ ಕೈಗೆ ತುರುಕಿದರು.

"ಇವನ್ನ ಸ್ವಲ್ಪ ಹಿಡ್ಕೊಂಡು ನಿಂದರ್ರಿ," ಎಂದು ಹೇಳಿ, ಹಿಂದಿರುಗಿಯೂ ನೋಡದೆ, ಮೊಮ್ಮಗಳ ಜೊತೆ ಮತ್ತೆ ಮೇಲೆ ಹೋಗುವ ಲಿಫ್ಟಿನ ಕಡೆಗೆ ಹೊರಟರು.